ಏಣಿ ಹೊತ್ತವಳ ನಾಲ್ಕನೇ ಪ್ರತಿ

ಹರಾಜಿನಲ್ಲಿ ಆ ಫೋಟೋ ಒಂದು ಮನೆಯ ಬೆಲೆಗೆ ಹೋಯಿತು. ದೊಡ್ಡ ಮನೆಯಲ್ಲ, ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಹಾಕಲು ಒಂದು ಬಾಲ್ಕನಿ ಇರುವಂಥದ್ದು. ಆದರೂ ಮನೆ. ಅವನು ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತು ನೋಡಿದ. ಮೂವತ್ತೇಳು ವರ್ಷ ಹಳೆಯ ಕಾಗದ, ಎಡಗಡೆಯ ಮೂಲೆ ಮಡಚಿಹೋಗಿದೆ, ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ, ಕೆಳಗಿನ ಅಂಚಿನಲ್ಲಿ ಒಂದು ಹೆಬ್ಬೆಟ್ಟಿನ ಕಂದು ಗುರುತು. ಅಂಥ ಪ್ರಿಂಟು ಅವನ ಕೈಯಿಂದ ಬಂದಿದ್ದರೆ ಹರಿದು ಬುಟ್ಟಿಗೆ ಹಾಕಿ, ಬುಟ್ಟಿಯನ್ನೂ ಯಾರ ಕಣ್ಣಿಗೂ ಬೀಳದ ಕಡೆ ಇಡುತ್ತಿದ್ದ.

ಅದಕ್ಕಿಂತ ಹತ್ತು ನಿಮಿಷ ಮುಂಚೆ ಅದೇ ಫೋಟೋದ ಇನ್ನೊಂದು ಪ್ರಿಂಟು ಹರಾಜಾಗಿತ್ತು. ಅದು ಅವನು ಹಾಕಿದ್ದು. ಅದರಲ್ಲಿ ಆಕಾಶದ ತುಂಬ ಮೋಡವಿತ್ತು, ಕಲ್ಲು ಹಾಸಿದ ಚೌಕದ ಒಂದೊಂದು ಕಲ್ಲೂ ಒದ್ದೆಯಾಗಿ ಹೊಳೆಯುತ್ತಿತ್ತು, ಹೆಗಲ ಮೇಲೆ ಏಣಿ ಹೊತ್ತು ನಡೆಯುವ ಆ ಹೆಂಗಸಿನ ಕತ್ತಿನ ನರ ಕಾಣುತ್ತಿತ್ತು, ಅವಳನ್ನು ತಿರುಗಿ ನೋಡುವ ನಾಯಿಯ ಕಣ್ಣಿನಲ್ಲಿ ಸೂಜಿಮೊನೆಯಷ್ಟು ಬೆಳಕಿತ್ತು. ಅದಕ್ಕೆ ಬಂದದ್ದು ಒಂದು ಹಳೇ ಮೋಟಾರ್ ಸೈಕಲ್ಲಿನ ಬೆಲೆ.

ಹೊರಗೆ ಮೆಟ್ಟಿಲ ಮೇಲೆ ಗ್ಯಾಲರಿಯ ಒಡತಿ ಸಿಕ್ಕಳು. ಆ ಫೋಟೋ ತೆಗೆದ ಯಜಮಾನರ ಕೆಲಸವನ್ನೆಲ್ಲ ಮಾರುತ್ತಿದ್ದವಳು ಅವಳೇ. ಮುಖ ಹಬೆಯಲ್ಲಿ ಬೇಯಿಸಿ ಇಳಿಸಿದ ಹಾಗೆ ಕೆಂಪಾಗಿ ಹೊಳೆಯುತ್ತಿತ್ತು.

"ಯಾಕೆ ಮೇಡಂ ಅದಕ್ಕೆ ಅಷ್ಟು, ಇದಕ್ಕೆ ಇಷ್ಟು?" ಎಂದು ಕೇಳಿದ.

"ಅದು ಅವರೇ ಕೈಯಾರೆ ಹಾಕಿದ್ದಲ್ವಾ? ಫೋಟೋ ತೆಗೆದ ವಾರದಲ್ಲೇ. ಆ ಹೊತ್ತಿನ ಉಸಿರು ಇದೆ ಅದರಲ್ಲಿ."

"ಉಸಿರಲ್ಲ ಮೇಡಂ, ಹೆಬ್ಬೆಟ್ಟಿದೆ."

"ಅದೇ ಮತ್ತೆ! ಆ ಹೆಬ್ಬೆಟ್ಟಿಂದ್ಲೇ ಇನ್ನೊಂದು ಸ್ವಲ್ಪ ಮೇಲೆ ಹೋಯ್ತು," ಎಂದಳು. ತಮಾಷೆಗೆ ಹೇಳಿದ್ದಲ್ಲ.

ಅವನು ಬಸ್ಸಿಗೆ ಕಾಯದೆ ನಡೆದೇ ಮನೆಗೆ ಹೋದ.

ಮೂವತ್ತಮೂರು ವರ್ಷ ಅವನು ಯಜಮಾನರ ಕತ್ತಲಕೋಣೆಯಲ್ಲಿ ಪ್ರಿಂಟು ಹಾಕಿದ್ದ. ಹಗಲೆಲ್ಲ ಕತ್ತಲಲ್ಲಿ ಇರುವವನೆಂದು ಯಜಮಾನರು ಅವನನ್ನು ಗೂಬೆ ಎಂದರು. ಅವರ ಹೆಂಡತಿ ಅದಕ್ಕೊಂದು ಅಣ್ಣ ಸೇರಿಸಿ ಗೂಬಣ್ಣ ಎಂದರು. ಗ್ಯಾಲರಿಯವರೂ ಅದನ್ನೇ ಹಿಡಿದರು. ಯಜಮಾನರು ಕ್ಯಾಮೆರಾ ನೇತುಹಾಕಿಕೊಂಡು ಬೀದಿ ಸುತ್ತಿ, ನೆಗೆಟಿವ್ ತಂದು ಮೇಜಿನ ಮೇಲೆ ಇಟ್ಟುಹೋಗುತ್ತಿದ್ದರು. ಅದರಿಂದ ಚಿತ್ರ ತೆಗೆಯುವುದು ಅವನ ಪಾಡು. ಆ ಏಣಿಯ ಫೋಟೋದ ಮೋಡವೂ ಅವನದೇ. ನೆಗೆಟಿವ್‌ನಲ್ಲಿ ಮೋಡ ಇತ್ತು ನಿಜ, ಆದರೆ ಸತ್ತಹಾಗೆ ಮಲಗಿತ್ತು. ಕಾಗದದ ಕೆಳಭಾಗಕ್ಕೆ ಬೆಳಕು ಬೀಳದ ಹಾಗೆ ಎರಡೂ ಅಂಗೈ ಅಡ್ಡ ಹಿಡಿದು, ಆಕಾಶಕ್ಕೆ ಮಾತ್ರ ಇನ್ನೂ ಹನ್ನೊಂದು ಸೆಕೆಂಡು ಬೆಳಕು ಕುಡಿಸಿ ಅದನ್ನು ಎಬ್ಬಿಸಿದವನು ಅವನು. ಅದನ್ನು ಯಾರೂ ಕಲಿಸಿರಲಿಲ್ಲ. ಯಜಮಾನರು ಎದುರು ಕೂತು ಕಲಿಸಿದ್ದು ಒಂದೇ, ಕುಂಚ ಹಿಡಿಯುವುದು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಏಣಿಯ ನೆಗೆಟಿವ್ ಅನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಇಲ್ಲೊಂದು ಗೀರಿದೆ ಗೂಬೆ, ಮೊದಲಿಂದ ಇರೋದೇ. ಪ್ರಿಂಟಲ್ಲಿ ಬಿಳಿ ಗೆರೆಯಾಗಿ ಬರುತ್ತೆ. ಬಾ, ಮುಚ್ಚೋದು ಹೇಳ್ಕೊಡ್ತೀನಿ," ಎಂದು ಕರೆದು, ಮೂರು ಕೂದಲಿನ ಕುಂಚದಲ್ಲಿ ಬೂದುಬಣ್ಣ ಅದ್ದಿ, ಏಣಿಯ ಮೂರನೇ ಮೆಟ್ಟಿಲ ಮೇಲೆ ಹಾದುಹೋಗುವ ಕೂದಲೆಳೆಯಂಥ ಗೆರೆಯನ್ನು ಚುಕ್ಕೆ ಚುಕ್ಕೆಯಾಗಿ ತುಂಬಿ ತೋರಿಸಿದ್ದರು. ಅಲ್ಲಿಗೆ ಅವನ ಪಾಠ ಮುಗಿದಿತ್ತು.

ಯಜಮಾನರು ಹೋಗಿ ಒಂದು ವರ್ಷವಾಗಿತ್ತು. ಬದುಕಿದ್ದಾಗ ಅವರು ಏಣಿಯ ಫೋಟೋಗೆ ಇಪ್ಪತ್ತೈದೇ ಪ್ರತಿ ಎಂದು ಗೆರೆ ಎಳೆದಿದ್ದರು. ಇಪ್ಪತ್ತೊಂದು ಹಾಕಿಯಾಗಿತ್ತು, ನಾಲ್ಕು ಬಾಕಿ. ಬೆಲೆಯ ಲೆಕ್ಕ ಅವನಿಗೆ ಎಷ್ಟು ಕೇಳಿದರೂ ಅರಗುತ್ತಿರಲಿಲ್ಲ. ಒಂದೇ ನೆಗೆಟಿವ್, ಒಂದೇ ಕಾಗದ, ಅವೇ ಎರಡು ಕೈ. ಆದರೆ ಹದಿನೆಂಟನೆಯದಕ್ಕಿಂತ ಇಪ್ಪತ್ತನೆಯದಕ್ಕೆ ಬೆಲೆ ಹೆಚ್ಚು, ಬಸ್ಸು ತುಂಬುತ್ತ ಬಂದಂತೆ ಟಿಕೆಟ್ಟಿನ ಬೆಲೆ ಏರಿಸಿದ ಹಾಗೆ. ಯಜಮಾನರು ಪ್ರಿಂಟಿನ ಹಿಂಬದಿ ಪೆನ್ಸಿಲ್ಲಿನಲ್ಲಿ ಸಹಿ ಗೀಚಿದ್ದರೆ ಒಂದು ಬೆಲೆ, ಅವರು ಸತ್ತಮೇಲೆ ಹೆಂಡತಿ ಮುದ್ರೆ ಒತ್ತಿದ್ದರೆ ಅರ್ಧ. ಯಜಮಾನರು ಬಚ್ಚಲುಮನೆಯಲ್ಲಿ ಬಕೆಟ್ಟು ಇಟ್ಟುಕೊಂಡು ಹಾಕಿದ ಮೊದಲಿನ ಮೂರು ಪ್ರತಿಗಳಿಗಂತೂ ಲೆಕ್ಕವೇ ಇಲ್ಲ. ಎಲ್ಲವನ್ನೂ ಕೇಳುತ್ತಾರೆ, ಯಾವಾಗ ಹಾಕಿದ್ದು, ಯಾರು ಹಾಕಿದ್ದು, ಎಷ್ಟು ಹಾಕಿದ್ದು, ಯಾರ ಮನೆಯಲ್ಲಿತ್ತು. ಪ್ರಿಂಟು ಚೆನ್ನಾಗಿದೆಯೇ ಎಂದು ಕೇಳಿದವರನ್ನು ಮಾತ್ರ ಅವನು ಈವರೆಗೆ ಕಂಡಿರಲಿಲ್ಲ.

ಅವನ ಹೆಂಡತಿ ದರ್ಜಿ. ಮುಂದಿನ ಕೋಣೆಯಲ್ಲೇ ಕೋಟು, ಪರದೆ ಹೊಲಿಯುತ್ತಿದ್ದಳು. ಅವನ ಗೊಣಗಾಟ ಕೇಳಿ ಕೇಳಿ ಅವಳ ಕಿವಿ ತೂತಾಗಿತ್ತು.

"ಕೋಟಿನ ಒಳಗೆ ಅಂಗಡಿಯವನ ಹೆಸರಿರುತ್ತೆ. ಹೊಲಿದೋಳ ಹೆಸರು ಎಲ್ಲಾದ್ರೂ ನೋಡಿದೀರಾ?" ಎಂದಳು, ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆ.

"ನಿನ್ನ ಕೋಟನ್ನ ಯಾರೂ ಮನೆ ಬೆಲೆಗೆ ಮಾರಲ್ಲ."

"ಮಾರಿದ್ರೆ ನನಗೆ ಸಂತೋಷವೇ. ನಾನು ಹೊಲಿದಿದ್ದು ಅಂತ ಊರೆಲ್ಲ ಹೇಳ್ಕೊಂಡು ಬರ್ತಿದ್ದೆ. ಆ ಕೈಗೆ ಮೊದಲು ಮುಲಾಮು ಹಚ್ಚಿ."

ಕೈ ನಿಜಕ್ಕೂ ಕೆಟ್ಟಿತ್ತು. ಮೂವತ್ತಮೂರು ವರ್ಷದ ರಾಸಾಯನಿಕಕ್ಕೆ ಬೆರಳಿನ ಸಂದುಗಳು ಒಣಗಿದ ಕೆಸರಿನ ಹಾಗೆ ಬಿರಿದಿದ್ದವು. ಚರ್ಮದ ವೈದ್ಯ ಸುತ್ತುಬಳಸದೆ ಹೇಳಿದ್ದ: ಈ ಕೆಲಸ ಬಿಡು, ಇಲ್ಲ ಬೆರಳು ಬಿಡು. ಬಿಡದಿದ್ದರೂ ಕೆಲಸವೇ ಅವನನ್ನು ಬಿಡುವುದರಲ್ಲಿತ್ತು. ಇನ್ನು ಆರು ವಾರದಲ್ಲಿ ಕೊನೆಯ ನಾಲ್ಕು ಪ್ರತಿ ಹಾಕಿ ಮುಗಿಸಬೇಕು. ಆಮೇಲೆ ನೆಗೆಟಿವ್‌ಗಳೆಲ್ಲ ವಸ್ತುಸಂಗ್ರಹಾಲಯಕ್ಕೆ ಹೋಗುತ್ತವೆ, ಕತ್ತಲಕೋಣೆ ಖಾಲಿಯಾಗುತ್ತದೆ. ಐವತ್ತಾರು ವಯಸ್ಸಿಗೆ, ಬಿರಿದ ಕೈ ಹಿಡಿದುಕೊಂಡು, ಬೆಳಕಿನಲ್ಲಿ ಮಾಡುವ ಕೆಲಸ ಯಾವುದೂ ಗೊತ್ತಿಲ್ಲದೆ, ಅವನು ಆ ಮೆಟ್ಟಿಲಿಳಿದು ಹೋಗಬೇಕು.

ಆಸೆ ಹುಟ್ಟಿದ್ದು ಕತ್ತಲಕೋಣೆಯ ಹಳೇ ಫ್ರಿಜ್ಜು ಒರೆಸುವಾಗ. ಅದರ ತಳದಲ್ಲಿ, ಮಂಜುಗಡ್ಡೆಯ ಹಿಂದೆ, ಪ್ರಿಂಟು ಹಾಕುವ ಕಾಗದದ ಬಿಚ್ಚದ ಒಂದು ಪೆಟ್ಟಿಗೆ ಇತ್ತು. ಯಜಮಾನರು ಬಚ್ಚಲುಮನೆಯ ಕಾಲದಲ್ಲಿ ಕೊಂಡು ಮರೆತದ್ದು. ಆ ಕಂಪನಿ ಮುಚ್ಚಿಹೋಗಿಯೇ ಮೂವತ್ತೈದು ವರ್ಷವಾಗಿತ್ತು. ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಅವನು ಸ್ಟೂಲಿನ ಮೇಲೆ ಕೂತ. ಮಂಜುಗಡ್ಡೆ ಕರಗಿ ಚಪ್ಪಲಿ ಒದ್ದೆಯಾಗುವವರೆಗೂ ಕೂತೇ ಇದ್ದ.

ಮೊದಲಿನ ಪ್ರತಿಗಳು ಮೂರು ಎಂದು ಎಲ್ಲರಿಗೂ ಗೊತ್ತು. ನಾಲ್ಕು ಎಂದಾದರೆ?

ಅವನು ಅವಸರ ಮಾಡಲಿಲ್ಲ. ಅವಸರ ಪಡುವವನು ಕತ್ತಲಲ್ಲಿ ಮೂವತ್ತು ವರ್ಷ ಇರಲಾರ. ತನ್ನ ಎದುರು ಒಬ್ಬ ಪರೀಕ್ಷಕನನ್ನು ಕೂರಿಸಿಕೊಂಡು, ಅವನು ಕೇಳಬಹುದಾದ ಒಂದೊಂದೇ ಪ್ರಶ್ನೆಯನ್ನು ತಾನೇ ಕೇಳಿಕೊಳ್ಳತೊಡಗಿದ. ಅಂಥ ಪರೀಕ್ಷಕ ನಿಜಕ್ಕೂ ಒಬ್ಬನಿದ್ದ. ಗ್ಯಾಲರಿಯವರು ಕರೆಸುತ್ತಿದ್ದ ಅವನನ್ನು ಎಲ್ಲರೂ ಕಾಗದದ ಡಾಕ್ಟರ್ ಎನ್ನುತ್ತಿದ್ದರು. ಅವನ ಮೊದಲ ಆಯುಧ ನೇರಳೆ ದೀಪ. ಈಚಿನ ಕಾಗದಕ್ಕೆ ಬಿಳುಪು ಹೆಚ್ಚಿಸುವ ಪುಡಿ ಬೆರೆಸಿರುತ್ತಾರೆ, ಆ ದೀಪದಡಿ ಅದು ಹೊಳೆಯುತ್ತದೆ. ಮುಚ್ಚಿಹೋದ ಕಂಪನಿಯವರು ಆ ಪುಡಿ ಬೆರೆಸುತ್ತಿರಲಿಲ್ಲ. ಫ್ರಿಜ್ಜಿನ ಪೆಟ್ಟಿಗೆ ಆ ಪ್ರಶ್ನೆಗೆ ಉತ್ತರ. ಕಾಗದ ಮುದಿಯಾಗಿ ಮಬ್ಬು ಹಿಡಿದಿತ್ತು. ಅದಕ್ಕೆ ಚಿತ್ರ ಮೂಡಿಸುವ ಡೆವಲಪರ್ ದ್ರಾವಣದಲ್ಲಿ ಒಂದು ಚಿಟಿಕೆ ಬೇರೆ ಲವಣ ಸೇರಿಸಿದರೆ ಬಿಳಿ ಮತ್ತೆ ಬಿಳಿಯಾಗುತ್ತದೆ. ಹಾಳೆಗಳ ತುಂಡಿನಲ್ಲಿ ಮೂರು ದಿನ ಪರೀಕ್ಷೆ ಮಾಡಿ ಆ ಚಿಟಿಕೆ ಎಷ್ಟೆಂದು ಕಂಡುಕೊಂಡ.

ಎರಡನೆಯದು ಲೆನ್ಸು. ಪ್ರಿಂಟು ಹಾಕಲು ಯಜಮಾನರು ಬಳಸುತ್ತಿದ್ದ ಮೊದಲ ಲೆನ್ಸು ಕಳಪೆ ಮಾಲು. ಚಿತ್ರದ ನಾಲ್ಕು ಮೂಲೆಗಳೂ ಅದರಲ್ಲಿ ಕಣ್ಣೀರು ತುಂಬಿದ ಹಾಗೆ ಮಸುಕಾಗುತ್ತಿದ್ದವು. ಅದು ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಯಜಮಾನರ ಹೆಂಡತಿ, ಅವನ ಬಾಯಲ್ಲಿ ಅತ್ತಿಗೆ, ಅದನ್ನು ತಮ್ಮ ಮೇಜಿನ ಪತ್ರಗಳ ಮೇಲೆ ಗಾಳಿಗೆ ಹಾರದಿರಲೆಂದು ಇಟ್ಟಿದ್ದರು. ಒಂದು ಬೆಳಿಗ್ಗೆ ಅವರು ಮಂಡಿನೋವಿನ ವ್ಯಾಯಾಮಕ್ಕೆ ಹೋದಾಗ ಲೆನ್ಸು ತೆಗೆದುಕೊಂಡು, ಅದರ ಜಾಗದಲ್ಲಿ ಒಂದು ಬೀಗ ಇಟ್ಟ. ಮಧ್ಯಾಹ್ನದೊಳಗೆ ಲೆನ್ಸು ಮತ್ತೆ ಪತ್ರಗಳ ಮೇಲಿತ್ತು.

ಆ ಒಂದು ಬೆಳಿಗ್ಗೆ ಅವನು ತನ್ನ ಜೀವಮಾನದ ಅತಿ ಕಷ್ಟದ ಕೆಲಸ ಮಾಡಿದ: ಕೆಟ್ಟದಾಗಿ ಪ್ರಿಂಟು ಹಾಕಿದ. ಬೆಳಕು ಕಾಗದದ ಮೇಲೆ ಬಿದ್ದ ಕೂಡಲೇ ಅಂಗೈಗಳು ತಾವಾಗಿಯೇ ಕಾಗದದ ಕೆಳಭಾಗಕ್ಕೆ ಅಡ್ಡ ಬಂದವು. ಅವುಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು ನಿಂತ. ತಾನೇ ಎಬ್ಬಿಸಿದ ಮೋಡ ತನ್ನ ಕಣ್ಣೆದುರೇ ಮತ್ತೆ ಸಾಯುವುದನ್ನು ನೋಡಿದ. ಹೆಂಗಸಿನ ಕತ್ತಿನ ನರ ಮಾಯವಾಯಿತು, ನಾಯಿಯ ಕಣ್ಣು ಕರೀ ಗುಂಡಿಯಾಯಿತು. ಏಳು ಹಾಳೆ ಹರಿದ. ಏಳೂ ಇರಬೇಕಾದ್ದಕ್ಕಿಂತ ಚೆನ್ನಾಗಿದ್ದವು. ಎಂಟನೆಯದು ನೋಡಿ ಅವನಿಗೇ ಅಸಹ್ಯವಾಯಿತು; ಅದನ್ನು ಇಟ್ಟುಕೊಂಡ.

ಇದೇ ತನ್ನ ದೊಡ್ಡ ರಕ್ಷೆ ಎಂಬುದೂ ಅವನಿಗೆ ಗೊತ್ತಿತ್ತು. ನೆಗೆಟಿವ್ ಕೈಗೆ ಸಿಗುವವನು ಇವನೊಬ್ಬನೇ, ಅನುಮಾನ ಬಂದರೆ ಮೊದಲು ಇವನ ಮೇಲೆಯೇ. ಆದರೆ ಈ ವ್ಯಾಪಾರದಲ್ಲಿ ಅವನ ಕೈ ಎಲ್ಲರಿಗೂ ಪರಿಚಯ. ಚೂರು ಬೂದಿ ಹೆಚ್ಚಾಯಿತೆಂದು ಹಾಳೆ ಹರಿಯುವ ಹುಚ್ಚ ಇಂಥದ್ದೊಂದನ್ನು ಹಾಕಿದ ಎಂದರೆ ಯಾರು ನಂಬುತ್ತಾರೆ? ಮೂವತ್ತಮೂರು ವರ್ಷ ಯಾವ ಕೆಲಸಕ್ಕೂ ಬಾರದ ಒಳ್ಳೆಯ ಹೆಸರು ಈಗ ಒಮ್ಮೆ ಕೆಲಸಕ್ಕೆ ಬರಲಿ.

ಮೇಲಿಂದ ಮೇಲೆ ಒಣಗಿಸಿ, ಒದ್ದೆ ಮಾಡಿ, ಕಿಟಕಿಯ ಬಿಸಿಲಿನಲ್ಲಿ ಇಟ್ಟು, ಹಳೇ ಪುಸ್ತಕಗಳ ನಡುವೆ ಒತ್ತಿ ಕಾಗದಕ್ಕೆ ವಯಸ್ಸು ತಂದ. ಮೂಲೆ ಒಂದನ್ನು ಮೆತ್ತಗೆ ಮಡಚಿದ. ಹೆಬ್ಬೆಟ್ಟಿನ ಆಸೆಯನ್ನು ಮಾತ್ರ ಬಿಟ್ಟ. ತನ್ನ ಗುರುತನ್ನು ತಾನೇ ಒತ್ತಿಕೊಡುವಷ್ಟು ದಡ್ಡನಲ್ಲ. ಹಿಂಬದಿಗೆ ಬಚ್ಚಲುಮನೆ ಕಾಲದ ವಿಳಾಸದ ರಬ್ಬರ್ ಮುದ್ರೆ ಬೇಕಿತ್ತು. ಅದು ಕತ್ತಲಕೋಣೆಯ ಡ್ರಾಯರಿನಲ್ಲಿ, ಸತ್ತ ಬ್ಯಾಟರಿಗಳ ಜೊತೆ ಬಿದ್ದಿತ್ತು. ಮೊದಲಿನ ಮೂರರ ಮೇಲೆ ಸಹಿ ಇರಲಿಲ್ಲ, ಮುದ್ರೆ ಒಂದೇ. ಯಜಮಾನರ ಸೋಮಾರಿತನ ಅವನಿಗೆ ಒಂದು ಅಪರಾಧ ತಪ್ಪಿಸಿತು.

ಉಳಿದದ್ದು ಆ ಬಿಳಿ ಗೆರೆ. ಮೊದಲಿನ ಪ್ರತಿಗಳಲ್ಲಿ ಯಜಮಾನರು ಅದನ್ನು ಹೇಗೆ ಮುಚ್ಚಿದ್ದರು ಎಂದು ತಿಳಿಯಲು ಅವನು ವಸ್ತುಸಂಗ್ರಹಾಲಯಕ್ಕೇ ಹೋದ. ಮೂರರಲ್ಲಿ ಒಂದು ಅಲ್ಲಿ ಗಾಜಿನ ಹಿಂದೆ ನೇತಾಡುತ್ತಿತ್ತು. ಕಾವಲುಗಾರ ಕೆಮ್ಮುವವರೆಗೂ ಮೂಗು ತಗುಲಿಸಿ ನೋಡಿದ. ಎಡದಿಂದ ನೋಡಿದ, ಬಲದಿಂದ ನೋಡಿದ, ಬಗ್ಗಿ ದೀಪದ ಹೊಳಪಿನಲ್ಲಿ ನೋಡಿದ. ಏಣಿಯ ಮೂರನೇ ಮೆಟ್ಟಿಲ ಮೇಲೆ ಗೆರೆಯೂ ಇಲ್ಲ, ಕುಂಚ ತಾಗಿದ ಗುರುತೂ ಇಲ್ಲ. ಅಷ್ಟು ನುಣುಪಾದ ಕೆಲಸ ತನ್ನಿಂದ ಒಮ್ಮೆಯೂ ಆಗಿರಲಿಲ್ಲ. ಇದೊಂದರಲ್ಲಿ ಮುದುಕ ತನಗಿಂತ ಮೇಲು ಎಂದು ಮನಸ್ಸಿಲ್ಲದೆ ಒಪ್ಪಿಕೊಂಡ. ಒಪ್ಪಿಕೊಂಡದ್ದಕ್ಕೆ ಸಿಟ್ಟೂ ಬಂತು.

ಆ ಸಿಟ್ಟಿನಲ್ಲೇ ಮೂರು ಬೆಳಿಗ್ಗೆ ಆ ಒಂದು ಗೆರೆಗೆ ಕೊಟ್ಟ. ಕುಂಚದ ಮೂರು ಕೂದಲಲ್ಲಿ ಎರಡನ್ನು ಕಿತ್ತ. ಬಣ್ಣವನ್ನು ಬಹಳ ನೀರು ಮಾಡಿ, ಭೂತಗನ್ನಡಿಯ ಕೆಳಗೆ, ಉಸಿರು ಬಿಗಿಹಿಡಿದು ಒಂದೊಂದೇ ಚುಕ್ಕೆ ಇಟ್ಟ. ಒಂದು ಚುಕ್ಕೆ ಆರಿದ ಮೇಲೆ ಇನ್ನೊಂದು. ಮೂರನೆಯ ದಿನ ಗೆರೆ ಎಲ್ಲಿತ್ತೆಂದು ಅವನೇ ಹುಡುಕಬೇಕಾಯಿತು. ಅಷ್ಟು ಕೆಟ್ಟ ಪ್ರಿಂಟಿನಲ್ಲಿ ಅದೊಂದನ್ನು ನೋಡಿದಾಗ ಮಾತ್ರ ಅವನ ಮನಸ್ಸಿಗೆ ತಂಪಾಗುತ್ತಿತ್ತು.

ಇನ್ನು ಬೇಕಿದ್ದದ್ದು ಕತೆ. ಫೋಟೋ ಇಷ್ಟು ವರ್ಷ ಎಲ್ಲಿತ್ತು? ಅದಕ್ಕೂ ಅವನಲ್ಲಿ ಮುಕ್ಕಾಲು ಸತ್ಯದ ಉತ್ತರ ಇತ್ತು. ಕೆಲಸಕ್ಕೆ ಸೇರಿದ ದಿನ ಯಜಮಾನರು ಮೊದಲಿನ ಮೂರರಲ್ಲಿ ಒಂದನ್ನು ತೋರಿಸಿ, "ನೋಡು, ನಾನು ಎಷ್ಟು ದರಿದ್ರವಾಗಿ ಪ್ರಿಂಟು ಹಾಕ್ತೀನಿ ಅಂತ. ಅದಕ್ಕೇ ನೀನು ಬೇಕು," ಎಂದಿದ್ದರು. ಆಮೇಲೆ ಅದನ್ನು ಮತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಕತೆಯ ತುದಿಯಲ್ಲಿದ್ದ ಆ ಬೀಗದ ಮಾತನ್ನು ಮಾತ್ರ ಕತ್ತರಿಸಿದರೆ ಸಾಕು.

ಅತ್ತಿಗೆಯ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಬೀಜ ಬಿತ್ತಿದ.

"ಅತ್ತಿಗೆ, ನಾನು ಸೇರಿದ ದಿನ ಯಜಮಾನರು ನನಗೊಂದು ಹಳೇ ಏಣಿ ಪ್ರಿಂಟು ಕೊಟ್ಟಿದ್ರು. ಹೀಗೆ ಹಾಕ್ಬೇಡ ಅಂತ ಕಲಿಯೋಕೆ. ನಿಮಗೆ ನೆನಪಿದ್ಯಾ?"

"ಅವರು ಯಾರಿಗೆ ಏನು ಕೊಟ್ಟಿದ್ರೋ ಯಾರಿಗೆ ಗೊತ್ತಪ್ಪ! ಒಂದ್ಸಲ ಬಸ್ ಸ್ಟಾಪಲ್ಲಿ ಯಾರಿಗೋ ಕೊಡೆ ಕೊಟ್ಟು ತೊಪ್ಪೆಯಾಗಿ ಬಂದ್ರು. ಕೊಡೆ ನಂದು." ಅತ್ತಿಗೆ ಸಕ್ಕರೆ ಡಬ್ಬಿ ಅವನ ಕಡೆ ತಳ್ಳಿದರು. "ನಿನಗೆ ಕೊಟ್ಟಿರ್ತಾರೆ ಬಿಡು. ನಿನಗೆ ಕೊಡದೆ ಇನ್ಯಾರಿಗೆ ಕೊಡ್ತಾರೆ?"

"ಗ್ಯಾಲರಿಯವರು ಕೇಳಿದ್ರೆ ಹೇಳ್ತೀರಾ?"

"ಯಾಕೆ ಹೇಳಲ್ಲ? ಆದ್ರೆ ಗೂಬಣ್ಣ, ಆ ಕೋಣೆ ವಿಷಯ ನನಗೇನು ಗೊತ್ತು? ಆ ಹುಳಿ ವಾಸನೆಗೆ ನಾನು ಬಾಗಿಲು ದಾಟಿದೋಳೇ ಅಲ್ಲ."

ಅದು ನಿಜ. ಇಷ್ಟು ವರ್ಷದಲ್ಲಿ ಅವರು ಒಮ್ಮೆಯೂ ಕತ್ತಲಕೋಣೆಗೆ ಕಾಲಿಟ್ಟಿರಲಿಲ್ಲ. ಊಟದ ಹೊತ್ತಿಗೆ ಹೊರಗಿನಿಂದಲೇ ಬಾಗಿಲು ಬಡಿದು ಓಡುತ್ತಿದ್ದರು. ಅವರ ಒಪ್ಪಿಗೆ ಅವನಿಗೆ ಎಷ್ಟು ಬೇಕಿತ್ತೋ ಅವರ ಅಜ್ಞಾನವೂ ಅಷ್ಟೇ ಬೇಕಿತ್ತು. ಎರಡೂ ಒಂದೇ ಕಪ್ಪಿನಲ್ಲಿ ಸಿಕ್ಕಿದ್ದವು. ಆದರೂ 'ಇನ್ಯಾರಿಗೆ ಕೊಡ್ತಾರೆ' ಎಂದ ಮಾತು, ಕೋಟಿನೊಳಗೆ ಉಳಿದುಹೋದ ಗುಂಡುಸೂಜಿಯ ಹಾಗೆ, ಅವನು ಅಲ್ಲಾಡಿದಾಗಲೆಲ್ಲ ಚುಚ್ಚಿತು. ಕೊಟ್ಟಿರಲಿಲ್ಲವಲ್ಲ, ಎಂದುಕೊಂಡ. ಕೊಟ್ಟಿದ್ದರೆ ಇದೆಲ್ಲ ಯಾಕೆ ಬೇಕಿತ್ತು? ಮೂವತ್ತಮೂರು ವರ್ಷದಲ್ಲಿ ಆ ಮನುಷ್ಯ ನನಗಾಗಿ ಏನು ಬಿಟ್ಟುಕೊಟ್ಟ?

ಗ್ಯಾಲರಿಯ ಹಿಂದಿನ ಕೋಣೆಯಲ್ಲಿ ಪರೀಕ್ಷೆ ನಡೆದದ್ದು ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ. ಉದ್ದ ಮೇಜು, ಅದರ ಮೇಲೆ ಬೂದು ಬಟ್ಟೆ, ಬಟ್ಟೆಯ ಮೇಲೆ ನಾಲ್ಕನೇ ಪ್ರತಿ. ಒಡತಿ ಒಂದು ಕಡೆ, ಎದುರಿಗೆ ಟೈಪು ಮಾಡಿದ ಒಂದು ಹಾಳೆ. ಇದು ಯಜಮಾನರು ಸ್ವಂತ ಕೈಯಿಂದ, ಫೋಟೋ ತೆಗೆದ ವರ್ಷವೇ ಹಾಕಿದ ಪ್ರತಿ ಎಂದು ಅದರಲ್ಲಿತ್ತು. ಡಾಕ್ಟರ್ ಹೂಂ ಎಂದರೆ ಅವಳ ಸಹಿ ಮೊದಲು, ಮನೆಯವರ ಪರವಾಗಿ ಅತ್ತಿಗೆಯ ಸಹಿ ಆಮೇಲೆ. ಅತ್ತಿಗೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಮದುವೆಗೆ ಬಂದವರ ಹಾಗೆ ಸಂಭ್ರಮದಿಂದ ಕೂತಿದ್ದರು.

ಕಾಗದದ ಡಾಕ್ಟರ್ ಯಾವಾಗಲೂ ಶೀತ ಹಿಡಿದವನ ಹಾಗೆ ಮೂಗೇರಿಸುತ್ತಿದ್ದ ಸಣ್ಣ ಆಳು. ನೇರಳೆ ದೀಪ ಹಚ್ಚಿದ, ಕಾಗದ ಹೊಳೆಯಲಿಲ್ಲ. ಅಂಚಿನಿಂದ ಒಂದು ನಾರು ಎಳೆದು ಗಾಜಿನಡಿ ಇಟ್ಟು ನೋಡಿದ, ತಲೆಯಾಡಿಸಿದ. ಹಿಂಬದಿಯ ಮುದ್ರೆಯನ್ನು ಅಳೆದ. ಮಸುಕಾದ ಮೂಲೆಗಳನ್ನು ಒಂದೊಂದಾಗಿ ನೋಡಿ, "ಅದೇ ಕೆಟ್ಟ ಲೆನ್ಸು," ಎಂದ. ಪ್ರತಿ ಉತ್ತರವೂ ಅತ್ತಿಗೆಯ ಪಕ್ಕ ಕೂತಿದ್ದ ಗೂಬಣ್ಣ ಮೊದಲೇ ಜೋಡಿಸಿಟ್ಟ ಸಾಲಿನಲ್ಲೇ ಬಂತು. ಅವನ ಬೆರಳ ಬಿರುಕುಗಳು ಉರಿಯುತ್ತಿದ್ದವು. ಅದು ಒಳ್ಳೆಯ ಉರಿ ಅನ್ನಿಸಿತು.

"ನೆಗೆಟಿವ್ ಇವರ ಕೈಯಲ್ಲೇ ಇತ್ತಲ್ಲ ಇಷ್ಟು ವರ್ಷ," ಎಂದ ಡಾಕ್ಟರ್, ಮೂಗೇರಿಸಿ. "ತಪ್ಪು ತಿಳ್ಕೋಬೇಡಿ. ಕೇಳೋದು ನನ್ನ ಕೆಲಸ."

ಒಡತಿ ನಕ್ಕುಬಿಟ್ಟಳು. "ಇವರಾ? ಇಷ್ಟು ಕೆಟ್ಟದಾಗಿ ಹಾಕೋಕೆ ಇವರಿಂದ ಆಗಲ್ಲ ಡಾಕ್ಟ್ರೇ. ಕುತ್ತಿಗೆ ಮೇಲೆ ಕತ್ತಿ ಇಟ್ರೂ ಆಗಲ್ಲ."

ಅವನು ತಲೆ ತಗ್ಗಿಸಿ ನಾಚಿದವನ ಹಾಗೆ ಮಾಡಿದ. ಆಗಲೇ ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಆದರೆ ಡಾಕ್ಟರ್ ಇನ್ನೊಂದು ಮಾತು ತೆಗೆದ.

"ಸರಿ. ಒಂದೇ ಅನುಮಾನ ಉಳಿಯುತ್ತೆ. ಹಳೇ ಪ್ರಿಂಟೊಂದನ್ನ ಎದುರಿಗೆ ಇಟ್ಟು ಯಾರೋ ಅದರ ಫೋಟೋ ತೆಗೆದು, ಆ ನಕಲಿಂದ ಇದನ್ನ ಹಾಕಿರಬಹುದು. ನಿಜವಾದ ನೆಗೆಟಿವ್‌ನಿಂದಲೇ ಬಂದಿದ್ದು ಅಂತ ಹೇಳೋಕೆ ಏನಾದ್ರೂ ಇದ್ಯಾ? ಇಲ್ಲದಿದ್ರೆ ಒಂದು ತಿಂಗಳು ನನ್ನ ಹತ್ರ ಇರ್ಲಿ."

ಒಂದು ತಿಂಗಳು ಎಂದರೆ ಇನ್ನೂ ಎಷ್ಟೋ ಕಣ್ಣು. ಅವನಲ್ಲಿ ಉತ್ತರ ಇತ್ತು, ಎಲ್ಲಕ್ಕಿಂತ ಚೆನ್ನಾಗಿದ್ದ ಉತ್ತರ. ಯಾರೂ ನೋಡಲಾಗದಷ್ಟು ಚೆನ್ನಾಗಿ ಮಾಡಿದ ಕೆಲಸವನ್ನು ಕೊನೆಗೂ ಯಾರಿಗಾದರೂ ತೋರಿಸುವ ಸಂದರ್ಭ ಅದಾಗಿಯೇ ಬಂದಿತ್ತು.

"ಇದೆ," ಎಂದ. "ನೆಗೆಟಿವ್‌ನಲ್ಲಿ ಮೊದಲಿಂದ ಒಂದು ಗೀರಿದೆ. ಪ್ರಿಂಟಲ್ಲಿ ಬಿಳಿ ಗೆರೆಯಾಗಿ ಬರುತ್ತೆ, ಅದನ್ನ ಬಣ್ಣ ತುಂಬಿ ಮುಚ್ತಿದ್ರು. ಪ್ರಿಂಟಿನ ಫೋಟೋ ತೆಗೆದಿದ್ರೆ ಮುಚ್ಚಿದ ಗೆರೆ ಬರೋಕೆ ಸಾಧ್ಯ ಇಲ್ಲ, ಅಲ್ವಾ? ಏಣಿ ಮೂರನೇ ಮೆಟ್ಟಿಲ ಮೇಲೆ ಒದ್ದೆ ಹತ್ತಿ ತಾಗಿಸಿ ನೋಡಿ. ಬಣ್ಣದ ಕೆಳಗೆ ಗೆರೆ ಇರುತ್ತೆ. ನಿಜವಾದ ನೆಗೆಟಿವ್‌ಗೆ ಅದೇ ಸಾಕ್ಷಿ."

ಡಾಕ್ಟರ್ ಗಾಜು ಹಿಡಿದು ಹುಡುಕಿದ. ಸಿಗಲಿಲ್ಲ. "ಎಲ್ಲಿ?" ಎಂದ. ಅವನು ಬಿರಿದ ಬೆರಳಿನಿಂದ ತೋರಿಸಿದ. ಡಾಕ್ಟರ್ ಕಡ್ಡಿಗೆ ಹತ್ತಿ ಸುತ್ತಿ, ನೀರಲ್ಲಿ ಅದ್ದಿ, ಮೆತ್ತಗೆ ಒತ್ತಿ ಎತ್ತಿದ. ಇನ್ನೊಮ್ಮೆ ಒತ್ತಿದ. ಬೂದುಬಣ್ಣ ಹತ್ತಿಗೆ ಏರಿತು, ಮೆಟ್ಟಿಲ ಮೇಲೆ ಕೂದಲೆಳೆಯಷ್ಟು ಬೆಳ್ಳಗಿನ ಗೆರೆ ಎದ್ದು ಬಂತು.

"ಅಬ್ಬಾ! ಏನು ಕುಂಚ ರೀ ಅವರದ್ದು," ಎಂದು ಡಾಕ್ಟರ್ ಕನ್ನಡಕ ತೆಗೆದ. "ಇಪ್ಪತ್ತು ವರ್ಷದಲ್ಲಿ ಇಂಥ ಕೆಲಸ ನೋಡಿಲ್ಲ. ಸರಿ ಮೇಡಂ, ಸಹಿ ಹಾಕಿ."

ಒಡತಿ ಪೆನ್ನು ತೆರೆದಳು. ಅತ್ತಿಗೆ ಮಾತ್ರ ಮೇಜಿನ ಮೇಲೆ ಬಗ್ಗಿ, ಕಳೆದುಹೋದ ಬಳೆ ಸಿಕ್ಕವರ ಹಾಗೆ ಆ ಗೆರೆಯನ್ನೇ ನೋಡುತ್ತಿದ್ದರು. "ಅಯ್ಯೋ, ಇದೇನಾ ಅದು!" ಎಂದು ನಕ್ಕರು, ನಗುವಿನಲ್ಲೇ ಕಣ್ಣು ತುಂಬಿಕೊಂಡಿತು. "ಮೊದಲಿಂದ ಎಲ್ಲಿತ್ತೋ ಗೂಬಣ್ಣ? ನೀನು ಸೇರಿದ ನಾಲ್ಕನೇ ದಿನ ನಮ್ಮವರು ಊಟಕ್ಕೆ ಕೂತು ತುತ್ತು ಎತ್ತಲಿಲ್ಲ. ಯಾಕೆ ಅಂದ್ರೆ, 'ಹುಡುಗ ಇವತ್ತು ಏಣಿ ನೆಗೆಟಿವ್‌ಗೆ ಗೀರು ಎಳೆದುಬಿಟ್ಟ, ನಾಲ್ಕು ವರ್ಷದಿಂದ ಒಂದು ಧೂಳು ಕೂರದ ಹಾಗೆ ಇಟ್ಟಿದ್ದೆ. ಅವನಿಗೆ ಗೊತ್ತಾಗಿಲ್ಲ. ಗೊತ್ತಾದ್ರೆ ಜೀವಮಾನ ಪೂರ್ತಿ ಆ ಕೈ ನಡುಗುತ್ತೆ, ಒಳ್ಳೇ ಕೈ ಅದು. ಮೊದಲಿಂದ ಇತ್ತು ಅಂತ ಹೇಳ್ಬಿಟ್ಟೆ. ನೀನೂ ಬಾಯಿ ಬಿಡ್ಬೇಡ,' ಅಂದ್ರು. ಮೂವತ್ತಮೂರು ವರ್ಷ ಬಿಟ್ಟಿಲ್ಲ ನೋಡು ನಾನು." ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಎಲ್ಲರೂ ತಮ್ಮ ಜೊತೆ ನಗುತ್ತಾರೆಂದು ಸುತ್ತ ನೋಡಿದರು. ಡಾಕ್ಟರ್ ತೆಗೆದಿಟ್ಟ ಕನ್ನಡಕವನ್ನು ಮತ್ತೆ ಹಾಕಿಕೊಂಡ. ಒಡತಿ ಹಾಳೆಯ ಮೇಲೆ 'ಫೋಟೋ ತೆಗೆದ ವರ್ಷವೇ' ಎಂದಿದ್ದ ಸಾಲನ್ನು ಓದಿದಳು, ಗೆರೆಯನ್ನು ನೋಡಿದಳು, ಆಮೇಲೆ ಅವನ ಬೆರಳುಗಳನ್ನು ನೋಡಿದಳು. ಮೂವತ್ತಮೂರು ವರ್ಷದಲ್ಲಿ ಮೊದಲ ಸಲ ಅವು ನಡುಗುತ್ತಿದ್ದವು. ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.